ಪಡುಗೋಡೆಯ ಕೆಂಪು

ಆ ಗೋಡೆಯ ಬಣ್ಣ ಕೆಡಿಸಿದವಳು ನಾನು. ಅಪ್ಪನ ಕಣ್ಣಲ್ಲ, ಅಪ್ಪನ ಕೈಯಲ್ಲ — ನಾನು. ಈ ಒಂದು ಮಾತನ್ನು ಹೇಳಬೇಕಾದ ಬೆಳಿಗ್ಗೆ ಹೇಳದೆ ನಿಂತೆ. ಆಮೇಲೆ ಹೇಳದೆ ಇರುವುದೇ ಅಭ್ಯಾಸವಾಗಿಹೋಯಿತು.

ನಮ್ಮದು ಕಂಪ್ಲಿ. ಅಪ್ಪ ಅಂಗಡಿಗಳಿಗೆ, ಲಾರಿಗಳಿಗೆ ಬೋರ್ಡು ಬರೆಯುವ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಅವರನ್ನು ಕರೆಯುವವರೇ ಇಲ್ಲವಾದರು. ಬ್ರಷ್ಷುಗಳನ್ನು ತೊಳೆದು, ಹಳೆಯ ಪಂಚೆಯಲ್ಲಿ ಸುತ್ತಿಟ್ಟು, ನನ್ನ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕುಳಿತುಕೊಳ್ಳತೊಡಗಿದರು. ನಾನು ಆಗ ಪುರಾತತ್ವದಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ಹೊಸಪೇಟೆಯಲ್ಲಿ ಹೊಸದಾಗಿ ತೆರೆಯಲಿದ್ದ ಒಂದು ಪ್ರದರ್ಶನ ಮಂದಿರಕ್ಕೆ, ಹಂಪಿಯ ಆಚೆ ಬಾಳೆತೋಟಗಳ ನಡುವೆ ಬಿದ್ದಿರುವ ವಿಜಯನಗರ ಕಾಲದ ಮಠವೊಂದರ ಮಾದರಿ ಮಾಡಿಕೊಡುವ ಕೆಲಸ ನನಗೆ ಸಿಕ್ಕಿತು. ಪಾಳುಬಿದ್ದ ಮಠವಲ್ಲ — ಜನ ತುಂಬಿದ್ದಾಗ ಹೇಗಿತ್ತೋ ಹಾಗೆ.

ಅಳತೆ, ನಕ್ಷೆ ನನ್ನದು. ಬಡಗಿಗಳು ಹಲಗೆಯಲ್ಲಿ ಗೋಡೆ ನಿಲ್ಲಿಸಿದರು, ಗಾರೆ ಮೆತ್ತಿದರು. ಕಂಪ್ಲಿಯ ಅಕ್ಕಿ ಗಿರಣಿಯ ಹಿಂದಿನ ಗೋದಾಮಿನಲ್ಲಿ ಮಠ ಎದ್ದಿತು. ಅದರ ಮಹಾದ್ವಾರದೊಳಗೆ ಮೊಣಕೈವರೆಗೆ ಕೈ ತೂರಿಸಬಹುದಿತ್ತು. ಜಂಗಮರ ಕೋಣೆಗಳು, ದಾಸೋಹದ ಒಲೆಗಳು, ಅಂಗಳದ ಬಾವಿ — ಒಂದೂ ಬಿಟ್ಟಿರಲಿಲ್ಲ.

ಬಣ್ಣಕ್ಕೆ ಅಪ್ಪನನ್ನು ಕರೆದೆ. ಪಂಚೆಯ ಗಂಟು ಬಿಚ್ಚುವಾಗ ಅವರ ಮುಖ ನೋಡಿದ ಅವ್ವ, "ಮದುಮಗ ಆಗ್ಯಾನ ನೋಡು ನಿಮ್ಮಪ್ಪ" ಎಂದು ನಕ್ಕಳು.

ಅಂಗಡಿಯ ಬಣ್ಣ ಬೇಡವೆಂದರು ಅಪ್ಪ. ಸಂಡೂರಿಗೆ ಹೋಗಿ ಚೀಲದಲ್ಲಿ ಕೆಮ್ಮಣ್ಣು ತಂದು, ಅರೆದು, ಬಟ್ಟೆಯಲ್ಲಿ ಸೋಸಿ, ಸುಣ್ಣದ ನೀರಿನಲ್ಲಿ ಕಲಸಿದರು. ಆ ಕೆಂಪು ಹೊರಗೋಡೆಗಳಿಗೆ; ಅದನ್ನು ಕೊನೆಗಿಟ್ಟುಕೊಂಡು ಒಳಗಿನ ಕೋಣೆಗಳಿಂದ ಶುರುಮಾಡಿದರು. ನೋಡಲು ಬಂದವರೆಲ್ಲ ಅಪ್ಪನ ಹತ್ತಿರವೇ ಹೋಗಿ ನಿಲ್ಲುತ್ತಿದ್ದರು. "ಬಸಣ್ಣನ ಕೈ ಅಂದ್ರ ಕೈ" ಎನ್ನುತ್ತಿದ್ದರು. ನನ್ನ ನಕ್ಷೆಗಳು ಮೇಜಿನ ಮೇಲೆ ಬಿಚ್ಚಿಯೇ ಇರುತ್ತಿದ್ದವು, ಯಾರೂ ಬಗ್ಗಿ ನೋಡುತ್ತಿರಲಿಲ್ಲ. ನನಗೆ ನೋವಾಗಿತ್ತೇ? ಆಗ ಕೇಳಿದ್ದರೆ ಇಲ್ಲವೆನ್ನುತ್ತಿದ್ದೆ.

ಪ್ರದರ್ಶನ ಮಂದಿರದ ಸಮಿತಿಯವರು ನೋಡಲು ಬರುವ ಹಿಂದಿನ ದಿನ ಅಪ್ಪ ಮೂಡಣ ಗೋಡೆ ಮುಗಿಸಿದರು. ಹಸಿ ಗೋಡೆ ತೀರ ಗಾಢವಾಗಿ, ಕಪ್ಪಿಗೆ ತಿರುಗಿದ ಕೆಂಪಾಗಿ ಕಾಣುತ್ತಿತ್ತು. ಇದು ನಕ್ಷೆಯಲ್ಲಿ ನಾನು ಗುರುತಿಸಿದ ಬಣ್ಣವಲ್ಲ ಎಂದೆ.

"ಒಣಗಲಿ ತಡಿಯವ್ವ. ಸುಣ್ಣದ ಬಣ್ಣ ಹಸೀ ಇದ್ದಾಗ ಒಂದು, ಒಣಗಿದ ಮ್ಯಾಲ ಒಂದು. ಎಂ.ಎ. ಪುಸ್ತಕದಾಗ ಬರದಿಲ್ಲೇನು?"

ತಮಾಷೆಗೆ ಅಂದದ್ದು. ಬಡಗಿಗಳು ನಕ್ಕರು. ನಾನು ನಗಲಿಲ್ಲ.

ಅಪ್ಪ ಊಟಕ್ಕೆ ಹೋದಾಗ ಬಣ್ಣದ ಬಕೆಟ್ಟಿಗೆ ಎರಡು ಚೊಂಬು ಸುಣ್ಣದ ತಿಳಿ ಸುರಿದು ಕದಡಿದೆ. ನಾನು ಸರಿ ಎಂದು ನಂಬಿದ್ದೆ — ಅದೂ ನಿಜ. ಆದರೆ ಯಾರೂ ಇಲ್ಲದ ಹೊತ್ತು ನೋಡಿ ಸುರಿದೆ. ಸರಿ ಎಂದು ನಂಬಿದವರು ಹಾಗೆ ಮಾಡುವುದಿಲ್ಲ.

ಅಪ್ಪ ಬಂದು ಪಡುಗೋಡೆಗೆ ಬ್ರಷ್ಷು ಹಚ್ಚಿದರು. ಒಂದು ಎಳೆ ಎಳೆದು ನಿಂತರು. ಬಕೆಟ್ಟಿನೊಳಗೆ ನೋಡಿದರು, ಮತ್ತೆ ಗೋಡೆ ನೋಡಿದರು.

"ಯಾಕೋ ತೆಳುವು ಆಗೇತಿ. ಇದಕ್ಕೇನಾರ ಹಾಕಿಯೇನವ್ವ?"

"ಇಲ್ಲಪ್ಪ, ನಾ ಯಾಕ ಹಾಕ್ಲಿ? ನೀವು ಬೆಳಕಿಗೆ ಬೆನ್ನು ಕೊಟ್ಟು ನಿಂತೀರಿ. ಅದಕ್ಕ ಹಂಗ ಕಾಣ್ತದ."

ಅಪ್ಪ ಜಾಗ ಬದಲಿಸಿ ನಿಂತು ನೋಡಿದರು. ಕಣ್ಣುಜ್ಜಿಕೊಂಡು ನೋಡಿದರು. "ಹೌದೇನೋ ಬಿಡು" ಎಂದು ಗೋಡೆ ಪೂರ್ತಿ ಬಳಿದರು. ಕಂಡದ್ದು ಸರಿಯಾಗಿಯೇ ಕಂಡಿತ್ತು. ತಮ್ಮ ಕಣ್ಣಿಗಿಂತ ಮಗಳ ಮಾತನ್ನು ನಂಬಿದರು.

ಬೆಳಿಗ್ಗೆ ಗೋಡೆಗಳು ಒಣಗಿದ್ದವು. ಮೂಡಣ ಗೋಡೆಯಲ್ಲಿ ಹಳೆಯ ಗಾರೆಯ ಹದವಾದ ಕೆಂಪು, ನಕ್ಷೆಯಲ್ಲಿ ನಾನು ಬಯಸಿದ್ದೇ ಅದು. ಪಡುಗೋಡೆ ಮಾತ್ರ ಬಣ್ಣ ಬಿಟ್ಟ ಸೀರೆಯ ಹಾಗೆ ಬಿಳಿಚಿಕೊಂಡಿತ್ತು. ಸಮಿತಿಯ ಹಿರಿಯರು ಮಾದರಿಯ ಸುತ್ತ ಒಂದು ಸುತ್ತು ಬಂದು ನಿಂತರು.

"ಏನಪಾ ಬಸಣ್ಣ, ಈ ಕಡಿಗೆ ಮಠ, ಆ ಕಡಿಗೆ ಮಿಠಾಯಿ ಅಂಗಡಿ ಮಾಡೀಯಲ್ಲೋ!"

ಎಲ್ಲರೂ ನಕ್ಕರು. ಅಪ್ಪ ಪಡುಗೋಡೆಯನ್ನು ಬೆರಳಿನಿಂದ ಸವರಿ, ಆ ಬೆರಳನ್ನೇ ನೋಡುತ್ತ ಹೇಳಿದರು: "ನಂದಽ ತಪ್ಪರಿ. ಕಣ್ಣು ಮೊದಲಿನಂಗಿಲ್ಲ, ಬಣ್ಣ ತೆಳುವೋ ಬೆಳಕಿನ ಆಟಾನೋ ಗೊತ್ತಾಗಲಿಲ್ಲ. ಬಣ್ಣ ಸರಿಯಿಲ್ಲ ಅಂತ ನಿನ್ನಿ ನನ್ನ ಮಗಳು ಹೇಳಿದ್ಲು, ನನಗ ತಿಳೀಲಿಲ್ಲ."

ನಾನು ನಾಲ್ಕು ಮಾರು ದೂರದಲ್ಲಿದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು. ಸಮಿತಿಯವರ ಮುಂದೆ ಮರ್ಯಾದೆ ಹೋಗುತ್ತದೆ ಎಂದುಕೊಂಡೆನೆ? ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡೆನೆ? ಏನೇನೋ ಅಂದುಕೊಂಡಿರಬೇಕು. ನೆನಪಿರುವುದು ಇಷ್ಟೇ — ಅಪ್ಪ ನನ್ನ ಕಡೆ ನೋಡಲಿಲ್ಲ, ಅದರಿಂದ ನನಗೆ ಸಮಾಧಾನವಾಯಿತು.

ಹೊಸಪೇಟೆಯಿಂದ ಬೇರೆಯವರು ಬಂದು ಮಠಕ್ಕೆಲ್ಲ ಮಷಿನ್ನಿನಲ್ಲಿ ಡಬ್ಬಿಯ ಬಣ್ಣ ಹೊಡೆದರು. ಮೂಡಣ ಗೋಡೆಯ ಕೆಂಪೂ ಅದರಡಿ ಹೋಯಿತು. ಈಗಲೂ ಆ ಮಾದರಿ ಮಂದಿರದಲ್ಲಿ ಗಾಜಿನೊಳಗಿದೆ. ಕೆಳಗೆ ನನ್ನ ಹೆಸರಿದೆ, ಅಪ್ಪನದಿಲ್ಲ.

ಅವ್ವನ ಒತ್ತಾಯಕ್ಕೆ ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಕಣ್ಣಿಗೆ ಏನೂ ಆಗಿಲ್ಲ, ಓದುವುದಕ್ಕೊಂದು ಕನ್ನಡಕ ಸಾಕು ಎಂದರಂತೆ. "ಬಣ್ಣ ನೋಡೋ ಕಣ್ಣು ಡಾಕ್ಟರಿಗೆ ಏನು ಗೊತ್ತಾಗ್ತೈತಿ" ಎಂದರು ಅಪ್ಪ. ಬ್ರಷ್ಷುಗಳನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು. ಅಂಗಡಿಯಲ್ಲಿ ಗಿರಾಕಿ ಸೀರೆಗೆ ಹೊಂದುವ ಕುಪ್ಪಸ ಕೇಳಿದರೆ ಮಾವನನ್ನು ಕರೆಯತೊಡಗಿದರು. ಒಮ್ಮೆ ಸಂತೆಯಲ್ಲಿ ನನ್ನ ಕಣ್ಣೆದುರೇ ಟೊಮೆಟೊ ಹಿಡಿದು ಮಾರುವವಳನ್ನು ಕೇಳಿದರು: "ಹಣ್ಣಾಗೇತೇನವ್ವ ಇದು?" ಅವಳು "ನಿಮಗ ಕಾಣಂಗಿಲ್ಲೇನ್ರಿ ಯಜಮಾನ್ರ?" ಎಂದು ನಕ್ಕಳು. ನಾನು ಚೀಲ ಹಿಡಿದು ಪಕ್ಕದಲ್ಲಿಯೇ ನಿಂತಿದ್ದೆ. ಆಗಲೂ ಹೇಳಲಿಲ್ಲ.

ಕಳೆದ ತಿಂಗಳು ಹೇಳಿದೆ. ಅಪ್ಪ ಊಟ ಮಾಡುತ್ತಿದ್ದರು. ಸುಣ್ಣದ ತಿಳಿ, ಚೊಂಬು, ಬಕೆಟ್ಟು — ಒಂದೂ ಬಿಡದೆ ಹೇಳಿದೆ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ ನಕ್ಕರು, ಬಹಳ ಮೆತ್ತಗೆ.

"ನನ್ನ ಸಮಾಧಾನಕ್ಕ ಹಿಂಗೆಲ್ಲ ಕಟ್ಟಿ ಹೇಳಬ್ಯಾಡವ್ವ. ಅವತ್ತ ನಿನ್ನ ಕೇಳಿದ್ನಿಲ್ಲ? ಇಲ್ಲ ಅಂದಿ. ನೀ ಸುಳ್ಳು ಹೇಳೋ ಹುಡುಗಿ ಅಲ್ಲ."

ಆಣೆ ಮಾಡಿ ಹೇಳಿದೆ. "ಭಾಳ ಅಂತಃಕರಣ ಐತವ್ವ ನಿನಗ" ಎಂದು ನನ್ನ ತಲೆ ಮುಟ್ಟಿ, ಕೈ ತೊಳೆಯಲು ಎದ್ದರು.

ಅವರ ಕಣ್ಣನ್ನು ಅವರಿಗೆ ಹಿಂದಿರುಗಿಸಬೇಕೆಂದರೆ, ಸುಳ್ಳು ಹೇಳದ ಆ ಮಗಳನ್ನು ಅವರಿಂದ ಕಿತ್ತುಕೊಳ್ಳಬೇಕು. ಬೇರೆ ದಾರಿಯಿಲ್ಲ. ಇದ್ದಿದ್ದರೂ ಅದನ್ನು ಕೇಳುವ ಹಕ್ಕು ನನಗಿಲ್ಲ. ಅದಕ್ಕೇ ಇಲ್ಲಿ, ಎಲ್ಲರ ಮುಂದೆ ಬರೆದಿದ್ದೇನೆ. ಅಚ್ಚಾದ ಮೇಲೆ ಅವರ ಮುಂದೆ ಕುಳಿತು ನಾನೇ ಓದಿ ಹೇಳುತ್ತೇನೆ. ನಂಬದಿದ್ದರೆ ಮತ್ತೆ ಓದುತ್ತೇನೆ. ನಂಬಿದ ದಿನ ಅಪ್ಪ ತಲೆಯೆತ್ತಿ ನನ್ನನ್ನು ಹೇಗೆ ನೋಡುತ್ತಾರೋ — ಹೇಗೇ ನೋಡಲಿ, ಎದ್ದು ಹೋಗದೆ ಅಲ್ಲಿಯೇ ಕುಳಿತಿರುತ್ತೇನೆ.