ಬೈಂಡಿಂಗ್ ಅಕ್ಕನ ಡೆಡ್‌ಲೈನ್

ಬೈಂಡಿಂಗ್ ಅಕ್ಕನಿಗೆ ಓದು ಬರುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಅಚ್ಚಾದ ದೊಡ್ಡ ಹಾಳೆಯನ್ನು ಅವರು ತಲೆಕೆಳಗಾಗಿ ಹಿಡಿದು ನೋಡುವುದನ್ನು ಕಂಡಿದ್ದೆ. ಮಡಚುವ ಮುನ್ನ ಆ ಹಾಳೆಯ ಅರ್ಧ ಪುಟಗಳು ತಲೆಕೆಳಗಾಗಿಯೇ ಇರುತ್ತವೆ ಎಂಬುದು ನಾಲ್ಕು ಪುಸ್ತಕ ಬರೆದ ನನಗೆ ಗೊತ್ತಿರಲಿಲ್ಲ.

ಐದನೆಯದರ ಬಿಡುಗಡೆ ಅಂದು ಸಂಜೆ ಐದಕ್ಕೆ. ಬೆಳಗ್ಗೆಯಷ್ಟೇ ಅಕ್ಕ ರಟ್ಟು ಅಂಟಿಸಿ, ಪುಸ್ತಕಗಳನ್ನು ತಿರುಪಿನ ಒತ್ತುಯಂತ್ರದಡಿ ಇಟ್ಟಿದ್ದರು. ಅಂಟು ಒಣಗಲು ಇಡೀ ದಿನ ಬೇಕು. ಹೋದ ವರ್ಷ ಪ್ರೆಸ್ಸಿನ ಮಾಲೀಕರು ಹೀಗೇ ಅವಸರಪಟ್ಟು ತೆಗೆಸಿದಾಗ ರಟ್ಟುಗಳೆಲ್ಲ ಸೊಟ್ಟಗಾಗಿದ್ದವು. ತಪ್ಪು ಅಕ್ಕನ ತಲೆಗೆ ಬಂತು. ಇನ್ನೊಮ್ಮೆ ಹೀಗಾದರೆ ಕೆಲಸ ಬಿಡುತ್ತೇನೆಂದು ಮಾಲೀಕರು ಅವರಿಂದ ಬರೆಸಿಕೊಂಡಿದ್ದರು.

"ತೆಗಿಯಮ್ಮ, ಡೆಡ್‌ಲೈನ್ ಇದೆ," ಎಂದರು ಮಾಲೀಕರು.

"ಒಣಗಿಲ್ಲ."

"ಡೆಡ್‌ಲೈನ್ ಅಂದ್ರೆ ಏನು ಗೊತ್ತಾ ನಿಂಗೆ?"

ನಾನು ದೊಡ್ಡ ಮನಸ್ಸು ಮಾಡಿ, "ಗಡುವು ಅಂತ, ಅಕ್ಕ," ಎಂದು ಬಿಡಿಸಿ ಹೇಳಿದೆ.

ಅಕ್ಕ ಕೈಯ ಅಂಟನ್ನು ಚಿಂದಿಬಟ್ಟೆಗೆ ಒರೆಸಿಕೊಂಡರು.

"ಅದು ಈಗಿನ ಅರ್ಥ, ಸಾರ್. ಮೊದಲು ಅದು ನಿಜವಾದ ಗೆರೆ. ಯುದ್ಧದ ಕೈದಿಗಳನ್ನ ಕೂಡಿಹಾಕಿದ ಕಡೆ ಇರ್ತಿತ್ತು. ದಾಟಿದೋನಿಗೆ ಗುಂಡು. ಎಷ್ಟೋ ವರ್ಷ ಆದ್ಮೇಲೆ ಪತ್ರಿಕೆಯೋರು ಗಡಿಯಾರದ ಗಡುವಿಗೆ ಆ ಹೆಸರು ಕಟ್ಟಿದ್ರು. ಇಂಗ್ಲಿಷ್ ನಿಘಂಟು ಮಡಚಿದೋಳು ನಾನೇ, ಇದೇ ಮೇಜಿನ ಮೇಲೆ, ಓದ್ಕೊಂಡೇ ಮಡಚಿದ್ದು. ಈಗ ನೀವು ಹೇಳಿ, ಇಲ್ಲಿ ಬಂದೂಕು ಯಾರ ಕೈಲಿದೆ?"

ಮಾಲೀಕರ ಮುಖ ಕೆಂಡವಾಯಿತು. "ನಾಲಿಗೆ ಉದ್ದ ಆಯ್ತು. ಇವತ್ತೇ ಮನೆಗೆ ಕಳಿಸ್ತೀನಿ."

"ಪುಸ್ತಕ ತೆಗೆದ್ರೆ ಸೊಟ್ಟಗಾಯ್ತು ಅಂತ ನಾಳೆ ಕಳಿಸ್ತೀರಿ. ತೆಗೀದಿದ್ರೆ ಇವತ್ತೇ ಕಳಿಸ್ತೀರಿ. ಹೋಗೋದೇ ಆದ್ರೆ ನೆಟ್ಟಗಿರೋ ಪುಸ್ತಕ ಬಿಟ್ಟು ಹೋಗ್ತೀನಿ."

ಹಾಗೆಂದವರೇ ತಿರುಪು ತಿರುಗಿಸುವ ಕಬ್ಬಿಣದ ಸರಳನ್ನು ಕಿತ್ತುಕೊಂಡು ಊಟದ ಡಬ್ಬಿಯ ಮುಂದೆ ಕೂತರು. ಸರಳು ತೊಡೆಯ ಮೇಲೆ, ಕಣ್ಣು ನಮ್ಮ ಮೇಲೆ. ಒಂದೊಂದು ತುತ್ತನ್ನೂ ನಮ್ಮನ್ನೇ ಅಗಿಯುತ್ತಿರುವ ಹಾಗೆ ಅಗಿದರು.

ಮಾಲೀಕರು ಬರಿಗೈಯಲ್ಲಿ ತಿರುಪು ಸಡಿಲಿಸಲು ಹೋಗಿ, ಬೆರಳು ಜಜ್ಜಿಕೊಂಡು, ಕೊನೆಗೆ ಸಭೆಯನ್ನು ನಾಡಿದ್ದಿಗೆ ಮುಂದೂಡಲು ಫೋನ್ ಹಿಡಿದರು. ಮನೆಗೆ ಕಳಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಅಕ್ಕ, ಸುಮ್ನೆ ಕೈಲಿ ಹಿಡಿದು ನೋಡೋಕೆ ಒಂದೇ ಒಂದು ಪ್ರತಿ ತೆಗೆದ್ರೆ ಏನಾಗುತ್ತೆ?"

"ನಿಮ್ಮ ಹೆಸರಿರೋ ರಟ್ಟು ಸೊಟ್ಟಗಾಗುತ್ತೆ, ನನ್ನ ಕೆಲಸ ಹೋಗುತ್ತೆ, ನೀವು ಚಪ್ಪಾಳೆ ತಗೊಂಡು ಮನೆಗೆ ಹೋಗ್ತೀರಿ."