ಚಿನ್ನದ ಬಣ್ಣದ ಮಗು

"ಅತ್ತಿಗೆ, ಫೋಟೋ ನೋಡಿದ್ರಾ? ಚಿನ್ನದ ಬಣ್ಣ! ಕೇಸರಿ ಹಾಲು ಕುಡಿಸಿದ್ದು ವೇಸ್ಟ್ ಆಗ್ಲಿಲ್ಲ, ಅಲ್ವಾ?"

ಬನ್ನಂಜೆಯಿಂದ ನಾದಿನಿಯ ಫೋನ್. ಅವಳ ಮಗಳು ಶ್ರುತಿ ಹೆತ್ತು ಇನ್ನೂ ವಾರವಾಗಿಲ್ಲ. ಅಷ್ಟರಲ್ಲಿ ಫೋಟೋ ಕಾರ್ಕಳದ ಬೀಗರ ಗ್ರೂಪನ್ನೂ ದಾಟಿ ಮುಂಬೈ ನೆಂಟರನ್ನು ತಲುಪಿತ್ತು. ಅಪ್ಪ ಅಮ್ಮ ಇಬ್ಬರೂ ಕಪ್ಪು, ಮಗಳು ಹೊಂಬಣ್ಣ! "ಮದುವೆಯ ಚಿಂತೆ ಮುಗಿಯಿತು" ಎಂದು ಯಾರೋ ಬರೆದಿದ್ದರು. (ಕಣ್ಣು ಸರಿಯಾಗಿ ಬಿಡದ ಹೆಣ್ಣಿಗೆ ಆಗಲೇ ವರನ ಯೋಚನೆ.)

ಆ ಬೆಳಿಗ್ಗೆಯೇ ನೋಡಲು ಹೋದೆ. ಶ್ರುತಿ ಅಳುವಂತಿದ್ದಳು. "ಅತ್ತೆ, ಎಬ್ಬಿಸಿದ್ರೂ ಏಳುವುದಿಲ್ಲ. ಹಾಲೂ ಕುಡಿಯುವುದಿಲ್ಲ."

"ಸಾಧು ಮಗು ಮಾರಾಯ್ತಿ. ನಿನ್ನ ಪುಣ್ಯ" ಎಂದಳು ನಾದಿನಿ.

ಕಿಟಕಿಯ ಹತ್ತಿರ ಎತ್ತಿ ನೋಡಿದೆ. ಕಣ್ಣಿನ ಬಿಳಿಯೂ ಹಳದಿ, ಅಂಗಾಲೂ ಹಳದಿ. ಚಿನ್ನವಂತೆ, ಚಿನ್ನ! ಆಸ್ಪತ್ರೆಯವರು ಮತ್ತೆ ತೋರಿಸಲು ಹೇಳಿರಲಿಲ್ಲವೇ? ಹೇಳಿದ್ದರು. ತಡೆದದ್ದು ನಾದಿನಿ. "ಅಮೆ ಕಳೆಯದೆ ಹೊರಗೆ ಎಂತಕ್ಕೆ? ಬಿಸಿಲಿಗೆ ಬಣ್ಣ ಹಾಳಾಗ್ತದೆ." (ಹೆರಿಗೆಯ ಸೂತಕಕ್ಕೆ ನಮ್ಮಲ್ಲಿ ಅಮೆ ಎನ್ನುತ್ತೇವೆ.)

ಜಗಳವಾಡಿಯೇ ಮಗುವನ್ನು ಮಣಿಪಾಲಕ್ಕೆ ಒಯ್ದೆವು.

ಡಾಕ್ಟರ್ ರಕ್ತದ ರಿಪೋರ್ಟ್ ನೋಡಿ ಗದರಿದರು. "ಇದು ಕಾಮಾಲೆ. ಹೊಟ್ಟೆಯಲ್ಲಿದ್ದಾಗ ಈ ಹಳದಿಯನ್ನು ತೆಗೆದು ಹಾಕುವುದು ತಾಯಿಯ ಲಿವರ್. ಹುಟ್ಟಿದ ಮೇಲೆ ಮಗುವಿನದ್ದೇ ಆ ಕೆಲಸ ಮಾಡಬೇಕು. ಅದರ ಎನ್‌ಜೈಮ್ ಚುರುಕಾಗಲು ಸ್ವಲ್ಪ ದಿನ ಬೇಕು. ಹೆಚ್ಚಿನ ಮಕ್ಕಳಲ್ಲಿ ತನ್ನಿಂದ ತಾನೇ ಇಳಿಯುತ್ತದೆ. ಮಿತಿ ಮೀರಿದರೆ ಮಿದುಳಿಗೆ ಹೋಗುತ್ತದೆ, ಕಿವಿಯೂ ಹೋಗಬಹುದು. ಇಷ್ಟು ತಡ ಯಾಕೆ ಮಾಡಿದಿರಿ?"

ಏನೆಂದು ಹೇಳುವುದು? ನಮಗೆ ಕಾಯಿಲೆಯೇ ಚಂದ ಕಂಡಿತು ಸ್ವಾಮಿ, ಅದಕ್ಕೆ ಎನ್ನಲೇ?

ಮಗುವನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಶ್ರುತಿ ಗಾಜಿನ ಈಚೆ ನಿಂತು ಬಿಕ್ಕುತ್ತಿದ್ದಳು. ಹಳದಿ ಇಳಿಯುತ್ತ ಬಂತು, ಮಗು ಗಟ್ಟಿಯಾಗಿ ಅತ್ತಿತು, ಹಾಲು ಕುಡಿಯಿತು. ಹಳದಿಯ ಅಡಿಯಿಂದ ಅಪ್ಪನದ್ದೇ ಕಪ್ಪು ಬಣ್ಣ ಮೇಲೆ ಬಂತು.

ಮನೆಗೆ ಕಳಿಸುವ ದಿನ ಕಿವಿಯ ಪರೀಕ್ಷೆ ಮಾಡಿದ ಡಾಕ್ಟರ್ ನಕ್ಕರು. "ಏನೂ ತೊಂದರೆ ಇಲ್ಲ. ಚೆನ್ನಾಗಿ ಕೇಳಿಸುತ್ತದೆ."

ಶ್ರುತಿ ಕೈ ಮುಗಿದಳು. ನಾದಿನಿ ಮುಂದೆ ಬಂದಳು. "ಡಾಕ್ಟ್ರೇ, ಲೈಟಿನ ಶಾಖಕ್ಕೆ ಮಗು ಕಪ್ಪಾಯ್ತಲ್ಲ. ಮೊದಲಿನ ಬಣ್ಣ ಪುನಃ ಬರ್ತದಾ?"

ಕಿವಿ ಚೆನ್ನಾಗಿ ಕೇಳಿಸುತ್ತದಂತೆ. ಈ ಮನೆಯಲ್ಲಿ ಆ ಹೆಣ್ಣು ಇನ್ನು ಏನೇನೆಲ್ಲ ಕೇಳಿಸಿಕೊಳ್ಳಬೇಕೋ!