ತಾತನ ಭೂತಗನ್ನಡಿ

ತಾತನ ಬಲಗಣ್ಣಿನ ಸುತ್ತ ಗುಂಡಗೆ ಒಂದು ಗೆರೆ ಇತ್ತು. ಭೂತಗನ್ನಡಿ ಒತ್ತಿ ಹಿಡ್ದು ಹಿಡ್ದು ಬಿದ್ದ ಗೆರೆ. ಮುಖ ತೊಳ್ಕೊಂಡ್ರೂ ಹೋಗ್ತಿರ್ಲಿಲ್ಲ.

ಜಪಾನಿನ ಓಜಿಮಾದ ನಮ್ಮ ಕಟ್ಟಡದಲ್ಲಿ ಅವರದು ನನ್ನ ಪಕ್ಕದ ಮನೆ. ಇಲ್ಲಿಯವರೇ. ಗಡಿಯಾರ ರಿಪೇರಿ ಮಾಡ್ತಿದ್ದವರು. ಹೆಂಡ್ತಿ ತೀರ್ಕೊಂಡ ಮೇಲೆ ಒಬ್ರೇ ಇದ್ರು. ನಾನು ಇಲ್ಲೇ ಹತ್ರ ಇಂಡಿಯನ್ ಹೋಟ್ಲಲ್ಲಿ ಅಡಿಗೆ ಮಾಡ್ತೀನಿ, ನಾನೂ ಒಬ್ನೇ. ಸಾರು ಮಿಕ್ಕಿದ್ರೆ ತಂದು ಕೊಡ್ತಿದ್ದೆ. ನನ್ನ ಹೆಸ್ರಿಗೆ ಅವರ ನಾಲಿಗೆ ಹೊರಳ್ತಿರ್ಲಿಲ್ಲ, ಇಂದೋ-ಸಾನ್ ಅಂತಿದ್ರು, ಇಂಡಿಯಾದವ್ರೇ ಅನ್ನೋ ಹಂಗೆ.

ಅವರ ಗೋಡೆ ಮೇಲೆ ದೊಡ್ಡದೊಂದು ಚಿತ್ರ. ಹಳೇ ಕಾಲದ ಇಟಲಿ ಚಿತ್ರಗಾರ ಬರೆದಿದ್ದು, ಇದು ಅದರ ಅಚ್ಚು. ಯಾವುದೋ ಊರಿನ ಚೌಕ. ಹೆಸ್ರು ಹೇಳಿದ್ರು, ನಂಗೆ ನೆನಪಿಲ್ಲ. ಹಣ್ಣು ಮಾರೋರು, ಪಾದ್ರಿಗಳು, ಜಗಳ ಆಡೋರು, ಕುದುರೆ ಗಾಡಿ, ನಾಯಿ. ಕಾಲಿಡೋಕೆ ಜಾಗ ಇಲ್ದಷ್ಟು ಜನ. ತಾತ ಕಣ್ಣಿಗೆ ಕನ್ನಡಿ ಇಟ್ಟು ಅವರನ್ನ ನೋಡೋಕೆ ಮುಂಚೆ ಚಿತ್ರಕ್ಕೆ "ಸುಮಿಮಾಸೆನ್", ಅಂದ್ರೆ ಕ್ಷಮ್ಸಿ, ಅನ್ನೋರು, ಯಾರದೋ ಮನೆಯೊಳಗೆ ಇಣುಕೋ ಹಂಗೆ. ನಾನು ಹೋದ್ರೆ, "ಇವತ್ತು ಒಬ್ರು ಹೊಸಬ್ರು ಸಿಕ್ಕಿದ್ರು" ಅಂತ ತೋರ್ಸೋರು.

ಒಂದಿನ ಕೇಳಿದ್ರು, "ಇದಕ್ಕೆ ನಿಮ್ಮ ಭಾಷೇಲಿ ಏನಂತಾರೆ?"

"ಭೂತಗನ್ನಡಿ."

"ಭೂತ ಅಂದ್ರೆ?"

ದೊಡ್ಡದು ಮಾಡಿ ತೋರ್ಸುತ್ತೆ ಅಂತ ಹೇಳೋಷ್ಟು ಜಪಾನಿ ಭಾಷೆ ನಂಗೆ ಬರ್ತಿರ್ಲಿಲ್ಲ. ಗೊತ್ತಿದ್ದಿದ್ದು ಒಂದೇ ಪದ. "ಒಬಾಕೆ" ಅಂದ್ಬಿಟ್ಟೆ. ಅಂದ್ರೆ ದೆವ್ವ.

ತಾತ ನಕ್ರು. "ದೆವ್ವ ನೋಡೋ ಕನ್ನಡಿನಾ? ನಿನ್ನ ಸಾರು ಕುಡಿದ್ರೆ ಕನ್ನಡಿ ಇಲ್ದೇನೂ ಕಾಣ್ಸುತ್ತೆ, ಇಂದೋ-ಸಾನ್." ಆಮೇಲೆ ಚಿತ್ರದ ಕಡೆ ತಿರುಗಿದ್ರು. "ಹೆಸ್ರು ಸರಿಯಾಗೇ ಇದೆ. ಇವರಲ್ಲಿ ಒಬ್ರೂ ಈಗಿಲ್ಲ."

ಅಲ್ಲಿಂದಾಚೆ ಹೊಸಬರನ್ನ ಹುಡುಕೋದು ಬಿಟ್ರು. ಚಿತ್ರದ ಒಂದು ಮೂಲೇನೇ ನೋಡ್ತಾ ಕೂತಿರೋರು. ಒಂದ್ಸಲ ಕನ್ನಡಿ ನನ್ನ ಕೈಗೆ ಕೊಟ್ರು. ಅಲ್ಲೊಂದು ಮುಚ್ಚಿದ ಕಿಟಕಿ.

"ಒಳಗೆ ಯಾರೋ ಇದ್ದಾರೆ" ಅಂದ್ರು.

"ಕಾಣ್ಸಲ್ವಲ್ಲ ತಾತ."

"ಕಾಣ್ಸಲ್ಲ. ಇಷ್ಟು ಜನ ಇದ್ದಾರಲ್ಲ, ಯಾರಾದ್ರೂ ಆ ಕಡೆ ನೋಡ್ತಿದ್ದಾರಾ ಹೇಳು."

ಹುಡುಕಿದೆ. ಹಣ್ಣಿನವನು ನೋಡ್ತಿಲ್ಲ. ಪಾದ್ರಿ ನೋಡ್ತಿಲ್ಲ. ನಾಯಿನೂ ನೋಡ್ತಿಲ್ಲ.

ಆಗ ಹೇಳಿದ್ರು. ಕೆಳಗಿನ ಮಹಡೀಲಿ ಒಬ್ರೇ ಇದ್ದೋರೊಬ್ರು ಮನೆಯೊಳಗೇ ತೀರ್ಕೊಂಡಿದ್ರಂತೆ, ವಾಸನೆ ಬಂದ ಮೇಲೇ ಬಾಗ್ಲು ಒಡೆದಿದ್ದಂತೆ. "ಅವರ ಕಿಟಕಿ ಮುಂದೆ ನಾನೂ ದಿನಾ ಓಡಾಡ್ತಿದ್ದೆ. ನೋಡ್ಲಿಲ್ಲ." ಆಮೇಲೆ, "ಬೆಳಗ್ಗೆ ಎದ್ದು ನಾನು ಕಿಟಕಿ ಪರದೆ ಸರಿಸ್ತೀನಿ. ನೀನು ಕೆಲ್ಸಕ್ಕೆ ಹೋಗ್ತಾ ನೋಡು. ಸರಿಸಿಲ್ಲ ಅಂದ್ರೆ ಬಾಗ್ಲು ಬಡಿ" ಅಂತ ತಲೆ ಬಗ್ಗಿಸಿದ್ರು. ಅಷ್ಟು ವಯಸ್ಸಾದವರು ನನಗೆ ಬಗ್ಗಿದ್ದು ನೋಡೋಕಾಗ್ಲಿಲ್ಲ.

ಅವತ್ತಿಂದ ವರಾಂಡದಲ್ಲಿ ಹೋಗ್ತಾ ನೋಡ್ತಿದ್ದೆ. ಒಳಗಿಂದ ಕನ್ನಡಿ ಎತ್ತಿ ಹಿಡಿಯೋರು, ಅದರ ತುಂಬಾ ಒಂದೇ ಕಣ್ಣು.

ಈ ಚಳಿಗಾಲದಲ್ಲಿ ಒಂದು ಬೆಳಗ್ಗೆ ಪರದೆ ಮುಚ್ಚಿತ್ತು. ಬಡಿದೆ, ಕೂಗಿದೆ. ಕಟ್ಟಡ ನೋಡ್ಕೊಳ್ಳೋರನ್ನ ಕರ್ಕೊಂಡು ಬಂದು ಬಾಗ್ಲು ತೆಗೆಸಿದೆ. ತಾತ ಚಿತ್ರದ ಮುಂದೆ ಕುರ್ಚೀಲಿ ಕೂತಂಗೇ ಹೋಗ್ಬಿಟ್ಟಿದ್ರು. ಕೈ ಇನ್ನೂ ಪೂರ್ತಿ ತಣ್ಣಗಾಗಿರ್ಲಿಲ್ಲ. ಅವರು ಹೆದರಿದ್ದ ಹಂಗೆ ಆಗ್ಲಿಲ್ಲ ಅನ್ನೋದೊಂದೇ ಸಮಾಧಾನ.

ಅವರ ತಮ್ಮನ ಮಗಳು ಬಂದು ಚಿತ್ರನೂ ಕನ್ನಡಿನೂ ನನಗೇ ಕೊಟ್ಟು ಹೋದ್ರು. ಪಕ್ಕದ ಮನೆ ಈಗ್ಲೂ ಖಾಲಿ. ನಾನು ಬೆಳಗ್ಗೆ ಎದ್ದ ತಕ್ಷಣ ಪರದೆ ಸರಿಸ್ತೀನಿ. ವರಾಂಡದಲ್ಲಿ ಜನ ಕೆಲ್ಸಕ್ಕೆ ಓಡ್ತಿರ್ತಾರೆ. ನಾನು ಒಳಗೆ ನಿಂತು ಸ್ವಲ್ಪ ಹೊತ್ತು ನೋಡ್ತೀನಿ, ಯಾರಾದ್ರೂ ಈ ಕಡೆ ತಿರುಗ್ತಾರಾ ಅಂತ.